ಪೊಲೀಸರಿಗೂ ಡ್ರಗ್ಸ್ ಟೆಸ್ಟ್ ಇರಲಿ, ಆದರೆ ಗಸಗಸೆ ಪಾಯಸ ತಿಂದವರ ಗತಿ?

ಮೈಸೂರಲ್ಲಿ ರಾತ್ರಿ ಹೊತ್ತು ಗಾಡಿ ಓಡಿಸಿದವರಿಗೆಲ್ಲ ಗೊತ್ತು, ಪೊಲೀಸರು ಮೆಷಿನ್ ಮುಂದೆ ಹಿಡಿದು ಊದಿ ಅನ್ನುತ್ತಾರೆ. ಊದುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಹಾಗಾದರೆ ಸೊಂಟದಲ್ಲಿ ಪಿಸ್ತೂಲ್ ಇಟ್ಟುಕೊಂಡವರಿಗೂ ಆಗಾಗ ಒಂದು ಟೆಸ್ಟ್ ಇರಬೇಕು ಅಲ್ವಾ?

ನಮ್ಮೂರಲ್ಲಿ ಈ ಮಾತು ಜಾಸ್ತಿ ಆಗಿದ್ದು 2025ರ ಜುಲೈನಲ್ಲಿ. ಮುಂಬೈ ಪೊಲೀಸರು ಇಲ್ಲಿಯವರೆಗೂ ಬಂದು, ರಿಂಗ್ ರೋಡ್ ಹತ್ತಿರ ಮೆಫೆಡ್ರೋನ್ ಅನ್ನುವ ಡ್ರಗ್ ತಯಾರಾಗುತ್ತಿದ್ದ ಜಾಗ ಪತ್ತೆ ಮಾಡಿದರು. ಪೊಲೀಸ್ ಅಕಾಡೆಮಿಯೇ ಇರುವ ಊರು ಇದು, ನಮ್ಮವರು ಏನು ಮಾಡುತ್ತಿದ್ದರು ಅಂತ ಎಲ್ಲರೂ ಕೇಳಿದರು. ಆದರೆ ಒಂದು ವಿಷಯ, ಡ್ರಗ್ಸ್ ತೆಗೆದುಕೊಳ್ಳುವುದು ಬೇರೆ, ಮಾರುವವನನ್ನು ಕಂಡೂ ಕಾಣದ ಹಾಗೆ ಬಿಡುವುದು ಬೇರೆ. ಮೂತ್ರ ಪರೀಕ್ಷೆಯಲ್ಲಿ ಲಂಚದ ಮಾಮೂಲಿ ಕಾಣಿಸುವುದಿಲ್ಲ. ಶಾಮೀಲಾದ ಅಧಿಕಾರಿಗೆ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 59ನೇ ಸೆಕ್ಷನ್ ಇದ್ದೇ ಇದೆ.

2018ರಲ್ಲಿ ಪಂಜಾಬ್ ಸರ್ಕಾರ ಪೊಲೀಸರೂ ಸೇರಿ ಎಲ್ಲ ಸರ್ಕಾರಿ ನೌಕರರಿಗೂ ಡೋಪ್ ಟೆಸ್ಟ್ ಅಂತ ಘೋಷಿಸಿತು. ಗುಮಾಸ್ತರನ್ನೂ ಬಿಡಲಿಲ್ಲ. ನನಗೆ ಅದು ಅತಿ ಅನ್ನಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಕಸ್ಟಮ್ಸ್ ನೌಕರರ ಕೇಸಿನಲ್ಲಿ, ಎಲ್ಲರಿಗೂ ಅನ್ನದೆ, ಇದಕ್ಕಿಂತ ಕಿರಿದಾದ ಗೆರೆ ಎಳೆದಿತ್ತು. ಬಂದೂಕು ಹಿಡಿಯುವ ಅಥವಾ ಡ್ರಗ್ಸ್ ಹಿಡಿಯುವ ಹುದ್ದೆಗೆ ಹೋಗುವವರನ್ನು ಅನುಮಾನ ಇಲ್ಲದಿದ್ದರೂ ಪರೀಕ್ಷಿಸಬಹುದು ಅಂತ. ಅದೂ 5-4 ಬಹುಮತದಲ್ಲಿ. ಒಪ್ಪದ ಜಡ್ಜ್ ಸ್ಕಾಲಿಯಾ, ಅಲ್ಲಿ ಸಮಸ್ಯೆ ಇತ್ತು ಅನ್ನುವುದಕ್ಕೆ ಪುರಾವೆ ಎಲ್ಲಿ, ಇದು ಬರೀ ತೋರಿಕೆಗೆ ಅಂತ ಖಾರವಾಗಿಯೇ ಬರೆದರು. ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದಿದೆ. ಆ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರೇ.

ಈಗ ಗಸಗಸೆ ವಿಷಯಕ್ಕೆ ಬರೋಣ. ತಮಾಷೆ ಅಲ್ಲ ಇದು. ಗಸಗಸೆ ಬರುವುದು ಅಫೀಮು ಗಿಡದಿಂದ. ಕಾಯಿಯ ಹಾಲು ಬೀಜಕ್ಕೂ ಸ್ವಲ್ಪ ಅಂಟಿರುತ್ತದೆ, ಅದರಲ್ಲಿ ಅಫೀಮಿನ ಮತ್ತು ಬರಿಸುವ ಅಂಶವಾದ ಮಾರ್ಫಿನ್ ಇರುತ್ತದೆ. ಹಬ್ಬಕ್ಕೆ ಎರಡು ಲೋಟ ಪಾಯಸ ಕುಡಿದು ಮಾರನೇ ದಿನ ಮೂತ್ರ ಕೊಟ್ಟರೆ, ಮಿತಿ (ಎಷ್ಟು ಕಂಡರೆ ಪಾಸಿಟಿವ್ ಅನ್ನುವ ಲೆಕ್ಕ) ಕಡಿಮೆ ಇಟ್ಟ ಟೆಸ್ಟಿನಲ್ಲಿ ಪಾಸಿಟಿವ್ ಬಂದರೂ ಬರಬಹುದು. ಅಮೆರಿಕದಲ್ಲಿ ಇದೇ ತಲೆನೋವಾಗಿ, ಕೇಂದ್ರ ನೌಕರರ ಟೆಸ್ಟಿನ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ಅಷ್ಟಾದರೂ 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಅಂತ ಹೇಳಬೇಕಾಯಿತು. ಅಫೀಮಿನ ಬಳಗದ್ದೇ ಆದ ಕೊಡೀನ್ ಇರುವ ಕೆಮ್ಮಿನ ಸಿರಪ್ ಕಥೆಯೂ ಇದೇ. ರಾಸಾಯನಿಕ ಯಾವುದು ಅಂತ ನಿಖರವಾಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಇಟ್ಟು ಎರಡನೇ ಸಲ ನೋಡಿದರೂ ಮಾರ್ಫಿನ್ ಇದೆ ಅಂತ ಖಚಿತ ಆಗುತ್ತದೆಯೇ ಹೊರತು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹೆರಾಯಿನ್ ಅಂತ ಖಚಿತ ಮಾಡುವುದು 6-ಎಂಎಎಂ ಅನ್ನುವ ಇನ್ನೊಂದು ರಾಸಾಯನಿಕ, ಅದು ಮೂತ್ರದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಕೂದಲು ನೋಡಿದರಾಯಿತು ಅನ್ನುವವರೂ ಇದ್ದಾರೆ, ಸುಮಾರು ಮೂರು ತಿಂಗಳ ಲೆಕ್ಕ ಸಿಗುತ್ತದೆ. ಆದರೆ ಬಾಸ್ಟನ್ನಿನಲ್ಲಿ ಕಪ್ಪು ಪೊಲೀಸರು ಆ ಟೆಸ್ಟಿನಲ್ಲಿ ತಾರತಮ್ಯ ಇದೆ ಅಂತ ಕೋರ್ಟ್ ಮೆಟ್ಟಿಲು ಹತ್ತಿದರು.

ನನ್ನ ಭಯ ಟೆಸ್ಟ್ ಬಗ್ಗೆ ಅಲ್ಲ, ಹೆಸರು ಯಾರು ಆರಿಸುತ್ತಾರೆ ಅನ್ನುವುದರ ಬಗ್ಗೆ. ರಜೆ ಕೇಳಿ ಸಾಹೇಬರ ಕೆಂಗಣ್ಣಿಗೆ ಬಿದ್ದ ಕಾನ್ಸ್‌ಟೇಬಲ್ ಹೆಸರು ತಿಂಗಳು ತಿಂಗಳೂ ಬಂದು, ಅವನು ದಸರಾ ಬಂದೋಬಸ್ತ್‌ಗೆ ನಿದ್ದೆ ಇಲ್ಲದೆ ನಿಂತು, ನೆಗಡಿಗೆ ಸಿರಪ್ ಕುಡಿದು, ಒಂದು ಕಾಗದದ ಮೇಲೆ ಪಾಸಿಟಿವ್ ಅಂತ ಬಂದು ಸಸ್ಪೆಂಡ್ ಆದರೆ ಅವನ ಮನೆಯವರು ಯಾರನ್ನು ಕೇಳಬೇಕು? ಆದ್ದರಿಂದ ಹೆಸರು ಕಂಪ್ಯೂಟರ್ ಆರಿಸಲಿ. ಸ್ಯಾಂಪಲ್ ಎರಡು ಬಾಟಲಿಗೆ ಹಾಕಿ ಸೀಲ್ ಮಾಡಲಿ, ಬೇಕಾದರೆ ಎರಡನೆಯದನ್ನು ಬೇರೆ ಲ್ಯಾಬಿಗೆ ಕಳಿಸುವ ಹಕ್ಕು ಅವನಿಗಿರಲಿ. ಏನು ಔಷಧಿ ತಗೊಂಡಿದ್ದೆ ಅಂತ ಒಬ್ಬ ಡಾಕ್ಟರ್ ಮೊದಲು ಕೇಳಲಿ.

ಪೈಲಟ್‌ಗಳಿಗೆ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ 2022ರಿಂದ ಇಂಥ ವ್ಯವಸ್ಥೆ ತಂದಿದೆ, ವರ್ಷಕ್ಕೆ ಕನಿಷ್ಠ 10% ಜನರಿಗೆ ಹೇಳದೇ ಕೇಳದೇ ಟೆಸ್ಟ್, ಮೊದಲ ಸಲ ಸಿಕ್ಕಿಬಿದ್ದರೆ ಚಿಕಿತ್ಸೆ. ಪೊಲೀಸರಿಗೂ ಅದೇ ಸಾಕು. ಮತ್ತೆ ಪಟ್ಟಿಯಲ್ಲಿ ಪೇದೆಗಳ ಜೊತೆ ಇನ್‌ಸ್ಪೆಕ್ಟರ್, ಡಿವೈಎಸ್ಪಿ, ಎಸ್ಪಿ ಎಲ್ಲರ ಹೆಸರೂ ಇರಬೇಕು. ಆ ಒಂದು ಸಾಲು ಬರೆಯುವುದಕ್ಕೇ ಇಲಾಖೆಯಲ್ಲಿ ಜಾಸ್ತಿ ಟೈಮ್ ಹಿಡಿಯುತ್ತದೆ ಅಂತ ನನ್ನ ಅಂದಾಜು.