ಉಡುಪಿಯ 1.8 ಪೆಟ್ರೋಲ್ ಕಾರು: ಏರ್ ಫ್ಲೋ ಸೆನ್ಸರ್ ಕೆಲಸದ ದಾಖಲೆ

ಶುಕ್ರವಾರ
ಚೆಕ್ ಲೈಟ್ ಹತ್ತಿದೆ, ಕೋಡ್ ಪಿ0171. ಬರುವ ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಮಣಿಪಾಲದ ಏರಿನಲ್ಲಿ ಪಿಕಪ್ ಇಲ್ಲ. ಈ ಕೋಡ್ ಕಂಡ ಕೂಡಲೇ ಏರ್ ಫ್ಲೋ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಭಾಗ) ಕೊಳ್ಳಬಾರದು. ಎಂಜಿನ್‌ಗೆ ಗಾಳಿ ಒಯ್ಯುವ ಇಂಟೇಕ್ ಹೋಸ್ ಸೀಳಿದ್ದರೂ ಇದೇ ಕೋಡ್ ಬರುತ್ತದೆ. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿ. ಹೋಸ್ ಸೋರುತ್ತಿದ್ದರೆ ಐಡ್ಲಿಂಗಿನಲ್ಲಿ ಟ್ರಿಮ್ ಜಾಸ್ತಿ ಇದ್ದು, ಆರ್‌ಪಿಎಂ ಏರಿದಂತೆ ಇಳಿಯುತ್ತದೆ. ಇಲ್ಲಿ ಉಲ್ಟಾ: ಐಡ್ಲಿಂಗಿನಲ್ಲಿ +6%, 2500ರಲ್ಲಿ +18%. ಕಾರಿನ ಫ್ಯೂಯಲ್ ಪಂಪ್ ಸೋತರೂ ಹೀಗೇ ಆಗುವುದರಿಂದ ಗೇಜ್ ಹಾಕಿ ನೋಡಿದ್ದಾಯಿತು, ಪ್ರೆಷರ್ ಸರಿಯಾಗಿದೆ.

ಶನಿವಾರ
ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಐದರಲ್ಲಿ ಎರಡು ಪಿನ್‌ಗೆ ಹಸಿರು ಕಿಲುಬು. ಕಡಲ ಗಾಳಿಗೆ ನಿಲ್ಲುವ ಗಾಡಿಗಳಲ್ಲಿ ಇದನ್ನು ನೋಡದೆ ಮುಂದೆ ಹೋಗಲೇಬಾರದು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿದ ಮೇಲೂ ಟ್ರಿಮ್ ಕದಲಲಿಲ್ಲ. 12 ವೋಲ್ಟ್ ಸಪ್ಲೈ, ಅರ್ತ್ ಎರಡೂ ಚೆನ್ನಾಗಿವೆ.

ಸೆನ್ಸರ್ ಹೊರಗೆ ತೆಗೆದಾಗ ಕೂದಲಿನಂಥ ತಂತಿಯ ಮೇಲೆ ಕಂದು ಪೊರೆ, ಅದಕ್ಕಂಟಿದ ಒಂದು ದೂಳಿನ ಎಳೆ. ತೊಳೆದು ಬಳಸುವ ಫಿಲ್ಟರ್‌ಗೆ ಎಣ್ಣೆ ಹೆಚ್ಚಾದರೆ ಆಗುವುದೇ ಇದು. ಗಾಳಿ ತಂತಿಯನ್ನು ತಣಿಸಿದಷ್ಟೂ ಅದನ್ನು ಬಿಸಿಯಾಗಿಡಲು ಕರೆಂಟ್ ಬೇಕು. ಆ ಕರೆಂಟೇ ಗಾಳಿಯ ಅಳತೆ. ಪೊರೆ ಕಟ್ಟಿದರೆ ತಂತಿ ತಣಿಯುವುದಿಲ್ಲ, ಗಾಳಿಯ ಲೆಕ್ಕ ಕಡಿಮೆ ಬಂದು ಪೆಟ್ರೋಲೂ ಕಡಿಮೆ ಬೀಳುತ್ತದೆ. ಏರ್ ಫ್ಲೋ ಸೆನ್ಸರ್‌ಗೆಂದೇ ಸಿಗುವ ಸ್ಪ್ರೇಯನ್ನು ಹತ್ತು-ಹನ್ನೆರಡು ಸಲ ಹೊಡೆದು 20 ನಿಮಿಷ ಒಣಗಿಸಿದ್ದು. ಬ್ರಷ್, ಹತ್ತಿ, ಬ್ರೇಕ್ ಕ್ಲೀನರ್ ಬೇಡವೇ ಬೇಡ. ಟ್ರಿಮ್ 18ರಿಂದ 13ಕ್ಕೆ ಇಳಿದು ಅಲ್ಲೇ ನಿಂತಿತು. ಇನ್ನು ಬದಲಿಸುವುದೇ ದಾರಿ.

ಮಂಗಳವಾರ
ಹಳೆಯದರ ಪಾರ್ಟ್ ನಂಬರನ್ನೇ ಹೋಲಿಸಿ ತಂದ ಹೊಸ ಸೆನ್ಸರ್. ಪ್ಲಗ್ ಕೂತುಕೊಂಡಿತೆಂದು ಬೇರೆ ಮಾದರಿ ಹಾಕಿದರೆ ಇಸಿಯು (ಎಂಜಿನ್ ಕಂಪ್ಯೂಟರ್) ಲೆಕ್ಕವೇ ತಪ್ಪುತ್ತದೆ. ಕೀ ಆಫ್, ಬಾಣದ ಗುರುತು ಎಂಜಿನ್ ಕಡೆಗೆ, ಓ-ರಿಂಗ್ ಹೊಸದು. ಎರಡು ಸ್ಕ್ರೂಗಳನ್ನೂ ಕೈಬಿಗಿಯಷ್ಟೇ ತಿರುಗಿಸಬೇಕು, ಪ್ಲಾಸ್ಟಿಕ್‌ನ ಸ್ಕ್ರೂ ಮರೆ (ಥ್ರೆಡ್) ಬೇಗ ಸವೆಯುತ್ತದೆ. ಕೋಡ್ ಅಳಿಸಿ, ಹಳೆಯ ಟ್ರಿಮ್ ಕಲಿಕೆಯನ್ನೂ ರೀಸೆಟ್ ಮಾಡಿದ್ದಾಯಿತು.

ಪಡುಬಿದ್ರಿ ಬಳಿ ಹೆದ್ದಾರಿಯ ನೇರ ದಾರಿಯಲ್ಲಿ, ಎರಡನೇ ಗೇರ್, ಪೂರ್ತಿ ಆಕ್ಸಿಲರೇಟರ್, 4500 ಆರ್‌ಪಿಎಂ: ಸೆನ್ಸರ್ ತೋರಿಸುವ ಗಾಳಿ ಮೊದಲು ಸೆಕೆಂಡಿಗೆ 57 ಗ್ರಾಂ ಇದ್ದದ್ದು ಈಗ 69. 1.8 ಲೀಟರ್ ಎಂಜಿನ್‌ಗೆ ಆ ವೇಗದಲ್ಲಿ 70ರ ಆಸುಪಾಸು ಬರಬೇಕು, ಸರಿಹೋಯಿತು. 2500ರಲ್ಲಿ ಟ್ರಿಮ್ +2%.

ಬಾಕಿ ಇರುವುದು: ಪೇಪರ್ ಫಿಲ್ಟರ್ ಹಾಕುವುದು, 200 ಕಿ.ಮೀ. ಓಡಿದ ಮೇಲೆ ಆಗುಂಬೆ ಘಾಟಿಯ 14 ತಿರುವು ಹತ್ತಿಸಿ ಟ್ರಿಮ್ ಮತ್ತೆ ಬರೆದುಕೊಳ್ಳುವುದು.