ನಾಲ್ಕು ಬೆರಳು ಜಾಗ

"ಅಲ್ಲಪ್ಪ, ಇದು ಪೂರ್ತಿ ಬರುತ್ತಿಲ್ಲವಲ್ಲ" ಎಂದರು ಅಪ್ಪ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪೂರ್ವದ ಅಂಚಿನಲ್ಲಿ ರೀಡ್-ಹಿಲ್‌ವ್ಯೂ ಎಂಬ ಸಣ್ಣ ವಿಮಾನ ನಿಲ್ದಾಣವಿದೆ. 2023ರ ಜುಲೈ ತಿಂಗಳ ಒಂದು ಶನಿವಾರ, ಬೆಳಗಿನ ಹನ್ನೊಂದು ಗಂಟೆ. ಕ್ಲಬ್ಬಿನಿಂದ ಬಾಡಿಗೆಗೆ ಪಡೆದ ಸೆಸ್ನಾ 172ರ ಎಡ ಸೀಟಿನಲ್ಲಿ ನಾನು, ಬಲ ಸೀಟಿನಲ್ಲಿ ಅಪ್ಪ. ರನ್‌ವೇಗೆ ಹೋಗುವ ಮೊದಲು ಮಾಡಲೇಬೇಕಾದ ಪರೀಕ್ಷೆಗಳನ್ನು ಮಾಡುತ್ತಿದ್ದೆ. ಯೋಕ್ ಎಂದರೆ ಕಾರಿನ ಸ್ಟಿಯರಿಂಗ್ ಚಕ್ರದ ಮೇಲಿನ ಭಾಗವನ್ನು ಕತ್ತರಿಸಿ ತೆಗೆದಂತೆ ಕಾಣುವ ಹಿಡಿ. ಅದನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮುಂದಕ್ಕೆ ಪೂರ್ತಿ ತಳ್ಳಿ, ಎದೆಯ ಕಡೆಗೆ ಪೂರ್ತಿ ಎಳೆದು ನೋಡಬೇಕು. ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ ಏಲೆರಾನ್, ಮೂಗನ್ನು ಏರಿಳಿಸುವ ಬಾಲದ ಪಟ್ಟಿ ಎಲಿವೇಟರ್; ಇವು ಎಲ್ಲೂ ತಡೆಯದೆ ಸರಿಯಾದ ದಿಕ್ಕಿಗೇ ಆಡುತ್ತವೆಯೇ ಎಂದು ಕಣ್ಣಾರೆ ಕಾಣಬೇಕು. ಚೆಕ್‌ಲಿಸ್ಟ್‌ನ ಆ ಸಾಲನ್ನು ನೂರಾರು ಸಲ ಓದಿದ್ದೇನೆ. ಅಂದೂ ಓದಿದೆ, ಯೋಕ್ ಆಡಿಸಿದೆ, "ಸರಿ" ಎಂದೆ.

ಈ ವಿಮಾನದಲ್ಲಿ ಎರಡು ಯೋಕ್‌ಗಳು. ಒಂದನ್ನು ಆಡಿಸಿದರೆ ಇನ್ನೊಂದೂ ಜೊತೆಯಲ್ಲೇ ಆಡುತ್ತದೆ. ಅಪ್ಪ ತಮ್ಮ ಮುಂದಿನದನ್ನು ಮುಟ್ಟದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದವರು ಅವರು. ಯಂತ್ರವೊಂದು ಆಡುತ್ತಿದ್ದರೆ ಅದು ಎಲ್ಲಿಂದ ಹೊರಟಿತು, ಎಲ್ಲಿಗೆ ಬಂದು ನಿಂತಿತು ಎಂದು ಅವರ ಕಣ್ಣು ತಾನಾಗಿ ಅಳೆಯುತ್ತದೆ.

"ನೇರ ಎಳೆದಾಗ ಇಲ್ಲಿಯವರೆಗೆ ಬಂತು" ಎಂದು ಗಾಳಿಯಲ್ಲೇ ಬೆರಳಿಟ್ಟು ತೋರಿಸಿದರು. "ಎಡಕ್ಕೆ ತಿರುಗಿಸಿ ಎಳೆದಾಗ ಇಲ್ಲೇ ನಿಂತಿತು. ಏನೋ ತಾಗುತ್ತಿದೆ, ನೋಡು."

ತಾಗುತ್ತಿದ್ದದ್ದು ನನ್ನ ಹೊಸ ಟ್ಯಾಬ್ಲೆಟ್.

ಹಳೆಯದು ಎಂಟು ಇಂಚಿನದು. ಅದನ್ನು ಯೋಕ್‌ನ ನಡುವೆ ಕ್ಲ್ಯಾಂಪ್ ಹಾಕಿ ಮೂರು ವರ್ಷ ಹಾರಿದ್ದೆ, ಏನೂ ತೊಂದರೆಯಾಗಿರಲಿಲ್ಲ. ನಕ್ಷೆಯ ಅಕ್ಷರಗಳು ದೊಡ್ಡದಾಗಿ ಕಾಣಲಿ ಎಂದು ಆ ವಾರವಷ್ಟೇ ಹನ್ನೊಂದು ಇಂಚಿನದನ್ನು ಕೊಂಡಿದ್ದೆ. ಅದೇ ಕ್ಲ್ಯಾಂಪಿನ ಮೇಲೆ, ಅದೇ ಜಾಗದಲ್ಲಿ ಕೂರಿಸಿದ್ದೆ. ಯೋಕ್ ನೇರವಾಗಿದ್ದಾಗ ಎಲ್ಲವೂ ಸರಿಯಾಗಿತ್ತು. ಎಡಕ್ಕೆ ತಿರುಗಿಸಿ ಎಳೆದರೆ ಮಾತ್ರ ಟ್ಯಾಬ್ಲೆಟ್ಟಿನ ಕೆಳಮೂಲೆ ನನ್ನ ತೊಡೆಗೆ ಒತ್ತಿ ನಿಲ್ಲುತ್ತಿತ್ತು. ತೊಡೆ ಮೆತ್ತಗಿರುವುದರಿಂದ ಟಕ್ ಎಂಬ ಸದ್ದಿಲ್ಲ, ಗಟ್ಟಿ ತಡೆಯೂ ಇಲ್ಲ. ನನ್ನ ಕೈಗೆ ಅದು ಗೊತ್ತೇ ಆಗಿರಲಿಲ್ಲ. ಇಳಿಯುವಾಗ ನೆಲದ ಹತ್ತಿರ ಎಡದಿಂದ ಒಂದು ಗಾಳಿ ಹೊಡೆದು, ರೆಕ್ಕೆಯನ್ನು ಒತ್ತಿ ಹಿಡಿದುಕೊಂಡೇ ಮೂಗನ್ನು ಎತ್ತಬೇಕಾಗಿ ಬಂದಿದ್ದರೆ? ಅಂತಹ ಹೊತ್ತಿಗೆ ಯೋಕ್‌ನ ಕೊನೆಯ ಎರಡಂಗುಲವೇ ಬೇಕಾಗುವುದು. ಬೆನ್ನಿನಲ್ಲಿ ಬೆವರು ಇಳಿಯಿತು. ಕಂಟ್ರೋಲ್ ಟವರ್‌ಗೆ ತಿಳಿಸಿ, ವಿಮಾನವನ್ನು ತಿರುಗಿಸಿ ನಿಲ್ಲಿಸುವ ಜಾಗಕ್ಕೇ ತಂದು ಎಂಜಿನ್ ಆರಿಸಿದೆ.

ಅಪ್ಪ ಬಯ್ಯಲಿಲ್ಲ. ಬಾಗಿಲು ತೆರೆದು ಕೆಳಗಿಳಿದು, ನನ್ನ ಕಡೆಗೆ ಬಂದು, ಆ ಕ್ಲ್ಯಾಂಪನ್ನು ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿದರು. "ಸಾಮಾನು ಒಳ್ಳೆಯದೇ. ಕೂರಿಸಿದ ಜಾಗ ತಪ್ಪು" ಎಂದರು.

ಈ ಟ್ಯಾಬ್ಲೆಟ್ ಯಾಕೆ ಬೇಕು ಎಂದು ಹಿಂದಿನ ರಾತ್ರಿಯೇ ಅವರಿಗೆ ಹೇಳಿದ್ದೆ. ನಕ್ಷೆ, ನಿಲ್ದಾಣಗಳ ಮಾಹಿತಿ, ಹವಾಮಾನ, ರೇಡಿಯೋ ತರಂಗಾಂತರ ಎಲ್ಲವೂ ಅದರಲ್ಲಿ. ಜಿಪಿಎಸ್ ಇರುವುದರಿಂದ ನಕ್ಷೆಯ ಮೇಲೆ ನಮ್ಮ ವಿಮಾನದ ಪುಟ್ಟ ಚಿತ್ರ ತೆವಳುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಕಾಗದದ ವಿಮಾನ ನಕ್ಷೆ 56 ದಿನಕ್ಕೊಮ್ಮೆ ಬದಲಾಗುತ್ತದೆ; ಹಾಗೆ ಕೊಳ್ಳುತ್ತಾ ಹೋದರೆ ಮನೆ ತುಂಬ ಹಳೆಯ ನಕ್ಷೆಗಳೇ. ನನ್ನಂತಹ ಖಾಸಗಿ ಪೈಲಟ್‌ಗಳು ಕಾಗದದ ಬದಲು ಪರದೆಯನ್ನು ಬಳಸುವ ಬಗೆಗೆ ಇಲ್ಲಿನ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ 2007ರಲ್ಲೇ ಸಲಹಾ ಸುತ್ತೋಲೆ ಹೊರಡಿಸಿದೆ. ಆದರೆ ಅದನ್ನು ಎಲ್ಲಿ ಕೂರಿಸಿದರೆ ಅಪಾಯವಿಲ್ಲ ಎಂದು ತೀರ್ಮಾನಿಸಬೇಕಾದವನು ಪೈಲಟ್ಟೇ. ಅಂದು ಆ ತೀರ್ಮಾನವನ್ನು ಮಾಡಿದವನು ನಾನು, ತಪ್ಪೂ ನನ್ನದೇ.

"ಪ್ಯಾನೆಲ್‌ಗೆ ಎರಡು ಸ್ಕ್ರೂ ಹಾಕಿ ಕೂರಿಸಲು ಆಗುವುದಿಲ್ಲವೇ?" ಅಪ್ಪ ಕೇಳಿದರು.

ವಿಮಾನಕ್ಕೆ ಒಂದು ಸ್ಕ್ರೂ ಹಾಕಿದರೂ ಅದು ವಿಮಾನದ ಮಾರ್ಪಾಡು. ಪರವಾನಗಿ ಇರುವ ಮೆಕ್ಯಾನಿಕ್ ನೋಡಿ ದಾಖಲೆಯಲ್ಲಿ ಬರೆಯಬೇಕು. ಕ್ಲ್ಯಾಂಪೋ ರಬ್ಬರ್ ಬಟ್ಟಲೋ ಆದರೆ ನಾನು ತಂದು ನಾನೇ ತೆಗೆದುಕೊಂಡು ಹೋಗುವ ಸಾಮಾನು. ಇದನ್ನು ವಿವರಿಸಿದೆ.

"ಹಾಗಾದರೆ ನಮ್ಮ ಡಯಲ್ ಗೇಜ್ ಸ್ಟ್ಯಾಂಡಿನ ಹಾಗೆ ಮ್ಯಾಗ್ನೆಟ್ ಇಟ್ಟರೆ?"

"ಅಪ್ಪ, ಇದರ ಮೈಯೆಲ್ಲ ಅಲ್ಯೂಮಿನಿಯಂ."

"ಹೌದಲ್ಲ" ಎಂದು ರೆಕ್ಕೆಯ ಆನಿಕೆ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿದರು.

ಮ್ಯಾಗ್ನೆಟ್ಟಿಗೆ ಇನ್ನೊಂದು ತೊಡಕೂ ಇತ್ತು, ಅದನ್ನು ತೋರಿಸಿಯೇ ಬಿಟ್ಟೆ. ಮುಂದಿನ ಗಾಜಿನ ನಡುವೆ, ಕಣ್ಣಿನ ಎತ್ತರದಲ್ಲಿ ದ್ರವ ತುಂಬಿದ ದಿಕ್ಸೂಚಿ ಇದೆ. ವಿದ್ಯುತ್ತು ಹೋದರೂ ಎಂಜಿನ್ ನಿಂತರೂ ಕೆಲಸ ಮಾಡುವ ಉಪಕರಣ ಅದು. ಟ್ಯಾಬ್ಲೆಟ್ಟಿನ ಹೊದಿಕೆಯ ಅಂಚಿನಲ್ಲಿರುವ ಸಣ್ಣ ಅಯಸ್ಕಾಂತಗಳನ್ನು ಅದರ ಬಳಿಗೆ ಒಯ್ದೆ. ದಿಕ್ಸೂಚಿ ಹದಿನೈದು ಡಿಗ್ರಿ ಹೊರಳಿತು. ಅಪ್ಪ ಆ ಹೊದಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದಿನ ಸೀಟಿನ ಚೀಲದೊಳಗೆ ಹಾಕಿದರು.

ಉಳಿದದ್ದು ರಬ್ಬರ್ ಬಟ್ಟಲು, ಅಂದರೆ ಗಾಳಿ ಹೊರದೂಡಿ ಗಾಜಿಗೆ ಅಂಟಿಸುವ ಹಿಡಿಕೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಹಾಫ್ ಮೂನ್ ಬೇ ಕಡೆಗೆ ಹಾರುತ್ತಿದ್ದಾಗ ಅದು ಕಳಚಿ ಬಿದ್ದು, ಟ್ಯಾಬ್ಲೆಟ್ ಸಮೇತ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್‌ಗಳಲ್ಲಿ ನನ್ನ ಎಡಗಾಲಿನದರ ಹಿಂದೆ ಸೇರಿಕೊಂಡಿತ್ತು. ಪಕ್ಕದಲ್ಲಿ ಶಿಕ್ಷಕರಿದ್ದರು, ಅವರು ವಿಮಾನವನ್ನು ಹಿಡಿದುಕೊಂಡರು, ನಾನು ಬಾಗಿ ಎತ್ತಿಕೊಂಡೆ. ಒಬ್ಬನೇ ಇದ್ದಿದ್ದರೆ ಆ ಪೆಡಲ್ ಇಲ್ಲದೆಯೇ ಇಳಿಯಬೇಕಿತ್ತು. ಬಟ್ಟಲನ್ನು ಹಿಡಿದಿಡುವುದು ಹೊರಗಿನ ಗಾಳಿಯ ಒತ್ತಡ ಮಾತ್ರ. 5,500 ಅಡಿ ಎತ್ತರದಲ್ಲಿ ಆ ಒತ್ತಡ ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ. ಜೊತೆಗೆ ಬಿಸಿಲಿಗೆ ರಬ್ಬರ್ ಮೆತ್ತಗಾಗುತ್ತದೆ. ಆದರೂ ಅಂದು ಬೇರೆ ದಾರಿ ಕಾಣಲಿಲ್ಲ. ಎಡಗಡೆಯ ಕಿಟಕಿಯ ಗಾಜಿಗೆ ಒತ್ತಿ ಅಂಟಿಸಿ, ಕಳಚಿದರೂ ಕೆಳಗೆ ಬೀಳದಂತೆ ಒಂದು ದಾರ ಕಟ್ಟಿದೆ. ಮತ್ತೆ ಯೋಕ್ ಆಡಿಸಿ ನೋಡಿದೆವು. ಈ ಸಲ ಅಪ್ಪ ಹೊರಗೆ ನಿಂತು ಬಾಲದ ಎಲಿವೇಟರನ್ನೇ ನೋಡಿ, "ಪೂರ್ತಿ" ಎಂದು ಕೈ ಎತ್ತಿದ ಮೇಲೆಯೇ ಹೊರಟೆವು.

ಹೋಗಬೇಕಾಗಿದ್ದದ್ದು ಕೊಲಂಬಿಯಾಕ್ಕೆ. ಸಿಯೆರಾ ನೆವಾಡಾ ಪರ್ವತಗಳ ತಪ್ಪಲಲ್ಲಿ, ಚಿನ್ನದ ಬೇಟೆಯ ಕಾಲದಲ್ಲಿ ಹುಟ್ಟಿದ ಊರು. ನೇರ ದಾರಿಯಲ್ಲಿ ಸುಮಾರು 80 ನಾಟಿಕಲ್ ಮೈಲಿ, ಮುಕ್ಕಾಲು ಗಂಟೆಯ ಹಾರಾಟ.

ನೆಲ ಬಿಟ್ಟ ಮೇಲೆ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಾನು ಹುಡುಗನಾಗಿದ್ದಾಗ ಜಾಲಹಳ್ಳಿಯಿಂದ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಜಕ್ಕೂರಿಗೆ ಕರೆದೊಯ್ದು, ಬೇಲಿಯ ಹೊರಗೆ ನಿಲ್ಲಿಸಿ ತರಬೇತಿ ವಿಮಾನಗಳನ್ನು ತೋರಿಸುತ್ತಿದ್ದವರು ಅವರೇ. ಬಲಗಡೆ ಮೌಂಟ್ ಹ್ಯಾಮಿಲ್ಟನ್‌ನ ನೆತ್ತಿಯ ಮೇಲೆ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟಗಳು ಕಂಡಾಗ ಹಣೆಯನ್ನು ಗಾಜಿಗೆ ಆನಿಸಿ ನೋಡಿದರು. ಅದರಾಚೆಗೆ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ ಗುಡ್ಡಗಳು, ಆಮೇಲೆ ಒಮ್ಮೆಲೇ ಸಪಾಟಾದ ಸ್ಯಾನ್ ವಾಕೀನ್ ಕಣಿವೆ. ಬಾದಾಮಿ ತೋಟಗಳು, ಗೆರೆ ಎಳೆದಂತಹ ಕಾಲುವೆಗಳು.

ಕಣಿವೆಯ ನಡುವೆ, ಮೊಡೆಸ್ಟೋ ಬಲಕ್ಕೆ ಕಾಣುತ್ತಿದ್ದಾಗ ಟ್ಯಾಬ್ಲೆಟ್ಟಿನ ಪರದೆ ಮಂಕಾಯಿತು. ಕಿಟಕಿಯ ಗಾಜಿಗೇ ಅಂಟಿದ್ದರಿಂದ ಬಿಸಿಲಿನ ಕಾವೆಲ್ಲ ಅದಕ್ಕೇ ತಾಗುತ್ತಿತ್ತು. ಹೊರಗಿನ ಗಾಳಿಯೇ 35 ಡಿಗ್ರಿಗಿಂತ ಬಿಸಿಯಾಗಿರುವಲ್ಲಿ ಇದನ್ನು ಬಳಸಬೇಡಿ ಎಂದು ಅದರ ಕೈಪಿಡಿಯಲ್ಲೇ ಇದೆ. ನಾನು ಅದನ್ನು ಗಾಜಿನ ಒಳಗಿಟ್ಟು ಬೇಯಿಸುತ್ತಿದ್ದೆ. ಚಾರ್ಜರ್ ಕಿತ್ತೆ. ಬೆಳಕು ತಗ್ಗಿಸಿದೆ. ರೆಕ್ಕೆಯ ಬುಡದಿಂದ ಹೊರಗಿನ ಗಾಳಿ ತರುವ ಕೊಳವೆಯನ್ನು ಎಳೆದು ಅದರ ಕಡೆಗೆ ತಿರುಗಿಸಿದೆ. ತಣ್ಣಗಾಗುವವರೆಗೆ ಕಾಯಬೇಕು ಎಂಬ ಸಂದೇಶ ಬಂದು ಪರದೆ ಕಪ್ಪಾಯಿತು. ಗುಂಡಿ ಒತ್ತಿ ನೋಡಿದೆ, ಮತ್ತೊಮ್ಮೆ ಒತ್ತಿದೆ.

"ಈ ಮುಳ್ಳು ಆಗ ಇಲ್ಲಿರಲಿಲ್ಲ" ಎಂದರು ಅಪ್ಪ.

ಎತ್ತರಮಾಪಕ 5,150 ಅಡಿ ತೋರಿಸುತ್ತಿತ್ತು. 5,500ರಲ್ಲಿ ಇರಬೇಕಾಗಿದ್ದ ವಿಮಾನ. ದಿಕ್ಕೂ ಇಪ್ಪತ್ತು ಡಿಗ್ರಿ ಎಡಕ್ಕೆ ಜಾರಿತ್ತು. ಎಡಕ್ಕೆ ಬಾಗಿ ಆ ಪೆಟ್ಟಿಗೆಯ ಉಪಚಾರದಲ್ಲಿ ತೊಡಗಿದ್ದ ನಾನು ಅಷ್ಟೂ ಹೊತ್ತು ವಿಮಾನವನ್ನು ಮರೆತಿದ್ದೆ. ಆಕಾಶ ತಿಳಿಯಾಗಿತ್ತು, ಹತ್ತಿರದಲ್ಲಿ ಬೇರೆ ವಿಮಾನವಿರಲಿಲ್ಲ. ಆದರೂ ಅದನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ. ಬೆಳಿಗ್ಗೆ ನನ್ನ ಕೈಗೆ ಅಡ್ಡ ಬಂದ ವಸ್ತು ಮಧ್ಯಾಹ್ನ ನನ್ನ ಕಣ್ಣಿಗೆ ಅಡ್ಡ ಬಂದಿತ್ತು.

ಚೀಲದಲ್ಲಿ ಒಂದು ಕಾಗದದ ನಕ್ಷೆ ಯಾವಾಗಲೂ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ವಲಯದ್ದು, ಐದು ಲಕ್ಷಕ್ಕೆ ಒಂದರ ಪ್ರಮಾಣದ್ದು. ಪೆನ್ಸಿಲ್ಲಿನಲ್ಲಿ ದಾರಿ ಎಳೆದಿದ್ದೆ. ಅದನ್ನು ಮಡಿಸಿ ಅಪ್ಪನ ಕೈಗೆ ಕೊಟ್ಟೆ. ಮೂವತ್ತು ವರ್ಷ ಬ್ಲೂಪ್ರಿಂಟ್ ಓದಿದವರಿಗೆ ನಕ್ಷೆ ಓದುವುದನ್ನು ಹೇಳಿಕೊಡಬೇಕಾಗಲಿಲ್ಲ. ಪೆನ್ಸಿಲ್ ಗೆರೆಯ ಮೇಲೆ ಹೆಬ್ಬೆರಳಿಟ್ಟುಕೊಂಡು, "ಓಕ್‌ಡೇಲ್ ಇದೇ ಇರಬೇಕು, ನದಿ ಹೀಗೆ ತಿರುಗುತ್ತದೆ ನೋಡು" ಎಂದರು. ಮುಂದೆ ನ್ಯೂ ಮೆಲೋನೀಸ್ ಜಲಾಶಯ, ಅದರ ಪಕ್ಕದಲ್ಲಿ ಟೇಬಲ್ ಮೌಂಟನ್. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಲಾವಾ ಒಂದು ನದಿಯ ಪಾತ್ರದಲ್ಲಿ ಹರಿದು ಗಟ್ಟಿಯಾಯಿತು. ಸುತ್ತಲಿನ ಮೆದು ಮಣ್ಣು ಸವೆದು ಹೋಗಿ, ಆ ನದಿಯ ಅಂಕುಡೊಂಕೇ ಈಗ ಚಪ್ಪಟೆ ತಲೆಯ ಗುಡ್ಡವಾಗಿ ನಿಂತಿದೆ. ಮೇಲಿನಿಂದ ಅದನ್ನು ಒಮ್ಮೆ ಕಂಡವರು ದಾರಿ ತಪ್ಪುವ ಮಾತೇ ಇಲ್ಲ. ಆ ಇಪ್ಪತ್ತು ನಿಮಿಷ ನಾನು ಹೊರಗೆ ನೋಡಿದಷ್ಟು ಆ ವರ್ಷದ ಇನ್ಯಾವ ಹಾರಾಟದಲ್ಲೂ ನೋಡಿರಲಿಲ್ಲ.

ಕೊಲಂಬಿಯಾ ನಿಲ್ದಾಣ 2,100 ಅಡಿ ಎತ್ತರದಲ್ಲಿದೆ, ಟವರ್ ಇಲ್ಲ. ಇಳಿದಾಗ ನೆರಳಿನಲ್ಲೇ 35 ಡಿಗ್ರಿ. ಅಂತಹ ಶಾಖದಲ್ಲಿ ಅಲ್ಲಿನ ಗಾಳಿ 5,000 ಅಡಿ ಎತ್ತರದ ಗಾಳಿಯಷ್ಟು ತೆಳ್ಳಗಿರುತ್ತದೆ, ವಿಮಾನ ಏಳಲು ಹೆಚ್ಚು ಓಡಬೇಕು. ಸಂಜೆ ತಂಪಾದ ಮೇಲೆಯೇ ಹೊರಡುವುದೆಂದು ನಿಶ್ಚಯಿಸಿದೆವು.

ಹಳೆಯ ಊರಿನ ಕಮ್ಮಾರಸಾಲೆಯ ಮುಂದೆ ಅಪ್ಪ ಒಂದು ಗಂಟೆ ನಿಂತರು. ಅಲ್ಲಿ ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತೋ, ವಿಮಾನದ ಬಳಿಗೆ ಮರಳಿದವರೇ, "ಕೂತುಕೋ, ಬೆಲ್ಟ್ ಹಾಕಿಕೋ" ಎಂದರು. ನನ್ನನ್ನು ಸೀಟಿನಲ್ಲಿ ಕೂರಿಸಿ ಯೋಕ್ ಪೂರ್ತಿ ಎಳೆಸಿದರು, ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಪ್ರತಿ ಸಲವೂ ಬಗ್ಗಿ, ಯೋಕ್‌ನ ಕೊಂಬಿಗೂ ನನ್ನ ತೊಡೆಗೂ ನಡುವೆ ಕೈಬೆರಳುಗಳನ್ನು ತೂರಿಸಿ ಅಳೆದರು.

"ಬಲ ತೊಡೆಯ ಮೇಲೆ, ಮಂಡಿಯಿಂದ ಒಂದು ಗೇಣು ಹಿಂದೆ. ಎಷ್ಟೇ ತಿರುಗಿಸಿದರೂ ನಾಲ್ಕು ಬೆರಳು ಜಾಗ ಉಳಿಯುತ್ತದೆ. ಇದರ ದಪ್ಪ ಅರ್ಧ ಬೆರಳೂ ಇಲ್ಲ."

ತಮ್ಮ ಹೆಗಲ ಚೀಲದ ಅಗಲವಾದ ನೂಲಿನ ಪಟ್ಟಿಯನ್ನು ಬಿಚ್ಚಿದರು. ಒಂದು ದಪ್ಪ ರಟ್ಟಿನ ತುಂಡಿನಲ್ಲಿ ಚಾಕುವಿನಿಂದ ನಾಲ್ಕು ಸೀಳು ಮಾಡಿ, ಪಟ್ಟಿಯನ್ನು ಅದರೊಳಗೆ ಹಾಯಿಸಿ, ಟ್ಯಾಬ್ಲೆಟ್ಟಿನ ಎರಡು ಅಂಚುಗಳನ್ನು ಅಪ್ಪಿಕೊಳ್ಳುವಂತೆ ಕಟ್ಟಿದರು. ತೊಡೆಯ ಮೇಲಿಟ್ಟು ಬಕಲ್ ಎಳೆದರು. ಅಲ್ಲಾಡಿಸಿ ನೋಡಿ, "ಸ್ವಲ್ಪ ಪ್ಲೇ ಇದೆ" ಎಂದು ಕರವಸ್ತ್ರವನ್ನು ಮಡಿಸಿ ಅಡಿಗೆ ಇಟ್ಟರು. ಅಲುಗಾಟ ನಿಂತಿತು.

ತೊಡೆಯ ಮೇಲಿನ ಪರದೆಯನ್ನು ನೋಡಲು ತಲೆ ಬಗ್ಗಿಸಬೇಕು, ಅದೊಂದು ಕೊರತೆ. ಮೋಡದೊಳಗೆ ಹಾರುವವರಿಗೆ ಹಾಗೆ ಪದೇ ಪದೇ ಬಗ್ಗಿದರೆ ತಲೆ ಸುತ್ತಿ, ವಿಮಾನ ಎತ್ತ ವಾಲಿದೆ ಎಂಬುದೇ ತಿಳಿಯದಂತಾಗಬಹುದು. ನಾನು ತಿಳಿಯಾದ ಆಕಾಶದಲ್ಲಿ ಮಾತ್ರ ಹಾರುವವನು. ನನಗೆ ಆ ಕೊರತೆಯೇ ಅನುಕೂಲವಾಯಿತು: ಬಗ್ಗಿದರೆ ಮಾತ್ರ ಕಾಣುವುದನ್ನು ಬೇಕಾದಾಗಷ್ಟೇ ನೋಡುತ್ತೇವೆ.

ಏಳೂಕಾಲಿಗೆ ಹೊರಟೆವು. ಪಶ್ಚಿಮಕ್ಕೆ ಮುಖ, 6,500 ಅಡಿ, ಎದುರಿಗೇ ಇಳಿಯುವ ಸೂರ್ಯ. ಬೆಳಗಿನ ಜಾಗದಲ್ಲಿದ್ದಿದ್ದರೆ ಪರದೆಯ ತುಂಬ ಬರಿಯ ಹೊಳಪೇ ಇರುತ್ತಿತ್ತು. ಪ್ಯಾನೆಲ್ಲಿನ ನೆರಳು ನನ್ನ ತೊಡೆಯ ಮೇಲೆ ಬೀಳುತ್ತಿದ್ದರಿಂದ ನಕ್ಷೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪ ಕಾಗದದ ನಕ್ಷೆಯನ್ನು ಮಾತ್ರ ಕೈಬಿಟ್ಟಿರಲಿಲ್ಲ. ರೀಡ್-ಹಿಲ್‌ವ್ಯೂ ರನ್‌ವೇ ಮೇಲೆ ಚಕ್ರ ತಾಗುವಾಗ ಯೋಕ್ ನನ್ನ ಹೊಟ್ಟೆಯವರೆಗೂ ಬಂತು, ಯಾವುದಕ್ಕೂ ತಾಗದೆ.

ಮರುದಿನ ಅಪ್ಪ ಆ ರಟ್ಟನ್ನು ಬಿಸಾಡಿ, ಗರಾಜಿನಲ್ಲಿದ್ದ ತೆಳುವಾದ ಪ್ಲೈವುಡ್ ತುಂಡನ್ನು ಕೊಯ್ದು, ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪಾಗಿಸಿದರು. ಪಟ್ಟಿಗೆ ದಪ್ಪ ದಾರದಲ್ಲಿ ಎರಡು ಸಾಲು ಹೊಲಿಗೆ ಹಾಕಿದರು. ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಮರಳುವ ಹಿಂದಿನ ದಿನ ಹಲಗೆಯ ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಏನೋ ಬರೆಯುತ್ತಿದ್ದರು.

ಪೈಲಟ್‌ಗಳು ಎರಡು ವರ್ಷಕ್ಕೊಮ್ಮೆ ಶಿಕ್ಷಕರ ಜೊತೆ ಹಾರಿ ತೋರಿಸಬೇಕೆಂಬ ನಿಯಮವಿದೆ. ಕಳೆದ ಸಲ ಬಂದ ಶಿಕ್ಷಕಿ ನನ್ನ ತೊಡೆಯ ಮೇಲಿನ ಹಲಗೆಯನ್ನು ನೋಡಿ, ಮೂಲೆಯಲ್ಲಿ ಬರೆದಿರುವುದು ಯಾವ ಭಾಷೆ, ಏನು ಅರ್ಥ ಎಂದು ಕೇಳಿದರು.

ಕನ್ನಡ ಎಂದೆ. "ಬಲ ತೊಡೆ. ನಾಲ್ಕು ಬೆರಳು" ಎಂದು ಓದಿ ಅರ್ಥ ಹೇಳಿದೆ.

ಆಕೆ ತಮ್ಮ ಕಡೆಯ ಯೋಕ್ ಅನ್ನು ಎದೆಯವರೆಗೆ ಎಳೆದು, ಎಡಕ್ಕೆ ಪೂರ್ತಿ ತಿರುಗಿಸಿ ಹಿಡಿದುಕೊಂಡು, ನನ್ನ ಕಡೆಗೆ ಬಾಗಿ ಆ ಸಂದಿಗೆ ಬೆರಳುಗಳನ್ನು ತೂರಿಸಿದರು.