ಸುಟ್ಟ ಕಾಯಿಲ್ ನೋಡೋಕೆ ಯಾರು ಬರ್ತಾರೆ

ಚಿತ್ರದುರ್ಗ, 18 ಮಾರ್ಚ್ 2025, ಮಂಗಳವಾರ, ರಾತ್ರಿ ಹತ್ತೂವರೆ

ಇವತ್ತು ಅಂಗಡಿಗೆ ಏಳು ಮೋಟರ್ ಬಂದವು. ಮಾರ್ಚ್ ಬಂತು ಅಂದರೆ ನಮಗೆ ಸುಗ್ಗಿ. ಬೋರ್‌ನಲ್ಲಿ ನೀರು ಇಳಿದ ಹಾಗೆಲ್ಲ ನಮ್ಮ ಬಾಗಿಲಲ್ಲಿ ಮೋಟರ್ ಸಾಲು ಬೆಳೆಯುತ್ತದೆ. ಹೀಗೆ ಬರೆಯೋಕೆ ಸ್ವಲ್ಪ ನಾಚಿಕೆ. ಆದರೆ ಇದ್ದದ್ದು ಇದ್ದ ಹಾಗೆ.

ನಮ್ಮದು ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರ್ ಒಳಗಿನ ತಂತಿ ಸುರುಳಿ (ಕಾಯಿಲ್) ಕಿತ್ತು ಹೊಸದು ಸುತ್ತಿ ಕಟ್ಟಿಕೊಡುವ ಜಾಗ. ನೆಲವೆಲ್ಲ ಎಣ್ಣೆ, ಮೂಲೆಯಲ್ಲಿ ಕಿತ್ತು ಹಾಕಿದ ತಾಮ್ರದ ತಂತಿಯ ಗುಡ್ಡೆ, ಒಳಗೆ ಕಾಲಿಟ್ಟರೆ ವಾರ್ನಿಶ್ ವಾಸನೆ. ಫೋಟೋಗೆ ಚೆಂದ ಕಾಣುವ ಜಾಗ ಒಂದೂ ಇಲ್ಲ, ಗೋಡೆ ಮೇಲಿನ ಕ್ಯಾಲೆಂಡರ್ ಬಿಟ್ಟು. ಅಂಥ ಅಂಗಡಿಗೆ ಕಳೆದ ದೀಪಾವಳಿಯಲ್ಲಿ ನನ್ನ ತಂಗಿ ಇನ್‌ಸ್ಟಾಗ್ರಾಂ ಪೇಜ್ ಮಾಡಿಕೊಟ್ಟಳು. "ಅಣ್ಣಾ, ಜನ ಎಲ್ಲ ಮೊಬೈಲಲ್ಲೇ ಇರ್ತಾರೆ, ನೀನೂ ಅಲ್ಲೇ ಇರ್ಬೇಕು" ಅಂದಳು. ಅಪ್ಪ ಕಾಯಿಲ್ ಸುತ್ತುತ್ತಾ ತಲೆ ಎತ್ತದೇ ಕೇಳಿದರು, "ಸುಟ್ಟ ಮೋಟರ್ ನೋಡೋಕೆ ಯಾರು ಬರ್ತಾರಮ್ಮಾ?"

ಮೊದಲ ಮೂರು ತಿಂಗಳು ನಾನು ಮಾಡಿದ್ದೆಲ್ಲ ಹುಚ್ಚಾಟ. ತಂಗಿ ಹೇಳಿದಳು ಅಂತ ಮೂರು ಎಚ್‌ಪಿ ಸ್ಟೇಟರ್ (ಕಾಯಿಲ್ ಕೂರುವ ಮೋಟರ್ ಭಾಗ) ಹೊತ್ತುಕೊಂಡು ಕೋಟೆ ಹತ್ತಿದೆ, ಹಿಂದೆ ಕಲ್ಲಿನ ಗೋಡೆ ಕಾಣಲಿ ಅಂತ. ಮದಕರಿ ನಾಯಕರ ಕಾಲದಲ್ಲಿ ಜನ ಇದಕ್ಕಿಂತ ಭಾರ ಹೊತ್ತಿರಬಹುದು. ಅವರು ಕ್ಯಾಮೆರಾ ನೋಡಿ ನಗಬೇಕಾಗಿರಲಿಲ್ಲ ಅಷ್ಟೆ. ಆಮೇಲೆ ಜನವರಿಯಲ್ಲಿ ಮಾರಿಕಣಿವೆ ಡ್ಯಾಮ್ ಕೋಡಿ ಬಿತ್ತು. 1933, 2022 ಆದ ಮೇಲೆ ಇದು ಮೂರನೇ ಸಲ. ಇಡೀ ಜಿಲ್ಲೆಯೇ ಹಿರಿಯೂರಿನ ಕಡೆ ಹೊರಟಿತ್ತು, ನಾನೂ ಹೋದೆ. ನೀರು ಧುಮ್ಮಿಕ್ಕುವ ವಿಡಿಯೋ ಹಾಕಿದೆ, ಮೇಲೆ ಅಂಗಡಿ ಹೆಸರು. ಅದು ಓಡಿದ್ದೇ ಓಡಿದ್ದು. ಒಂದೇ ವಾರದಲ್ಲಿ ಒಂಬೈನೂರು ಫಾಲೋವರ್ಸ್. ನಾನು ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಲೆಕ್ಕ ನೋಡುತ್ತಿದ್ದೆ.

ಆ ಒಂಬೈನೂರು ಜನರಲ್ಲಿ ಒಬ್ಬರೂ ಮೋಟರ್ ತರಲಿಲ್ಲ. ತರೋದಾದರೂ ಹೇಗೆ? ಅವರು ನೋಡಿದ್ದು ನೀರನ್ನ, ನಮ್ಮನ್ನಲ್ಲ.

ಇದರ ನಡುವೆ ದುಡ್ಡಿಗೆ ಫಾಲೋವರ್ಸ್ ಕೊಡ್ತೀವಿ ಅಂತ ಮೆಸೇಜ್ ಮಾಡಿದವರಿಗೆ ಆರುನೂರು ರೂಪಾಯಿ ಕೊಟ್ಟಿದ್ದೂ ಇದೆ. ಎರಡು ಸಾವಿರ ಹೆಸರು ಬಂದವು. ಒಬ್ಬರಿಗೂ ಮುಖ ಇಲ್ಲ. ಈ ವಿಷಯ ಅಪ್ಪನಿಗೆ ಇನ್ನೂ ಗೊತ್ತಿಲ್ಲ.

ನಿಜವಾಗಿ ಕೆಲಸ ತಂದ ವಿಡಿಯೋ ಆಗಿದ್ದು ಜಗಳದಿಂದ. ಫೆಬ್ರವರಿಯಲ್ಲಿ ಭರಮಸಾಗರ ಕಡೆಯ ಗೌಡರೊಬ್ಬರು ಕೃಷಿಹೊಂಡದ ಮಾನೋಬ್ಲಾಕ್ (ಮೋಟರ್, ಪಂಪು ಎರಡೂ ಒಂದೇ ಆಗಿರೋದು) ಹೊತ್ತು ತಂದು ಧಪ್ ಅಂತ ಇಳಿಸಿದರು. ನಾವೇ ಎರಡು ತಿಂಗಳ ಹಿಂದೆ ಕಟ್ಟಿಕೊಟ್ಟಿದ್ದು. "ನಿಮ್ಮ ತಂತಿ ಲಡ್ಡು" ಅಂದರು. ನಾನು ಬಾಯಿ ಮಾಡಲಿಲ್ಲ. ಮೋಟರ್ ಬಿಚ್ಚಿ, ಮೊಬೈಲ್ ಆನ್ ಮಾಡಿ, ಒಳಗೆ ಬೆಳಕು ಬಿಟ್ಟು ತೋರಿಸುತ್ತಾ ಹೋದೆ. ಅವರಿಗೆ ಅಂತಲೇ ಮಾಡಿದ್ದು. ಹಾಡಿಲ್ಲ, ಏನಿಲ್ಲ.

"ನೋಡಿ ಗೌಡ್ರೇ, ಇಲ್ಲಿ ಮೂರು ಗುಂಪು ಕಾಯಿಲ್ ಇದಾವೆ, ಫೇಸಿಗೊಂದು, ಅಂದ್ರೆ ಕರೆಂಟ್ ತರೋ ಮೂರು ತಂತಿಗೆ ಮೂರು. ನಿಮ್ಮದು ಸ್ಟಾರ್ ಕನೆಕ್ಷನ್, ಮೂರರ ಒಂದೊಂದು ತುದಿ ಒಂದೇ ಕಡೆ ಸೇರಿಸಿರೋದು. ಎರಡು ಗುಂಪು ಕರಕಲಾಗಿದೆ, ಒಂದು ಹೊಸದರ ಹಾಗೆ ಹೊಳೀತಾ ಇದೆ. ತಂತಿ ಕೆಟ್ಟದಿದ್ರೆ ಹೀಗೆ ಅಳತೆ ಮಾಡಿದಂಗೆ ಸುಡಲ್ಲ. ಒಂದು ಫೇಸ್ ಹೋಗಿದೆ, ಮೋಟರ್ ಮಿಕ್ಕ ಎರಡರಲ್ಲೇ ಎಳೆದಿದೆ." ಡೆಲ್ಟಾ (ಮೂರು ಗುಂಪನ್ನೂ ತುದಿಗೆ ತುದಿ ಸೇರಿಸಿ ತ್ರಿಕೋನದ ಹಾಗೆ ಕಟ್ಟಿದ್ದು) ಇದ್ದಿದ್ದರೆ ತಿರುಗುಮುರುಗು: ಒಂದು ಗುಂಪು ಸುಟ್ಟು ಎರಡು ಉಳಿಯುತ್ತವೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿ, ಇಲ್ಲ ವೋಲ್ಟೇಜ್ ಕಮ್ಮಿ. ಅಪ್ಪ ಇದನ್ನ ನನಗೆ ಹದಿನೈದನೇ ವಯಸ್ಸಿಗೇ ಹೇಳಿಕೊಟ್ಟಿದ್ದರು. ಸ್ಟಾರ್ಟರ್‌ನಲ್ಲಿ ಇಂಥದ್ದನ್ನ ತಡೆಯುವ ಪ್ರಿವೆಂಟರ್ ಇರಲಿಲ್ವಾ ಅಂತ ಕೇಳಿದೆ. ಗೌಡರು ಸ್ವಲ್ಪ ಹೊತ್ತು ಬೀದಿ ನೋಡಿದರು. "ಪದೇ ಪದೇ ಟ್ರಿಪ್ ಆಗ್ತಿತ್ತು ಅಂತ ಹುಡುಗ ಬೈಪಾಸ್ ಮಾಡಿದಾನೆ" ಅಂದರು.

ಆ ವಿಡಿಯೋವನ್ನ ಅವರೇ ಕೇಳಿ ಹಾಕಿಸಿಕೊಂಡು, ಅವರೂರಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟರು. ಯಾಕೆ ಅಂತ ಈಗಲೂ ಗೊತ್ತಿಲ್ಲ, ಹುಡುಗನಿಗೆ ಬೈಯೋಕೆ ಇರಬೇಕು. ನಮ್ಮ ಪೇಜಿನಲ್ಲಿ ಅದನ್ನ ನೋಡಿದವರು ಮಾರಿಕಣಿವೆಯ ಕಾಲುಭಾಗವೂ ಇಲ್ಲ. ಆದರೆ ಹದಿನೈದು ದಿನದಲ್ಲಿ ಹನ್ನೊಂದು ಫೋನ್ ಬಂತು. ಎಲ್ಲ ಭರಮಸಾಗರ, ಸಿರಿಗೆರೆ, ಹೊಳಲ್ಕೆರೆ ಕಡೆಯವರು. ಎಲ್ಲರ ಮೊದಲ ಮಾತೂ ಒಂದೇ: "ನಂದು ಯಾವ ಥರ ಸುಟ್ಟಿದೆ, ಸ್ವಲ್ಪ ನೋಡಿ ಹೇಳ್ತೀರಾ?"

ಆಮೇಲಿಂದ ನಾನು ಬೇರೇನೂ ಮಾಡೋದಿಲ್ಲ. ಬಂದ ಮೋಟರ್ ಬಿಚ್ಚುತ್ತೇನೆ, ಯಾಕೆ ಹೋಯ್ತು ಅಂತ ಒಂದು ನಿಮಿಷ ಹೇಳುತ್ತೇನೆ. ಮರಳು ತಿಂದ ಬುಷ್ (ತಿರುಗುವ ದಂಡ ಕೂರುವ ಬಳೆ). ನೀರಿಲ್ಲದೆ ಓಡಿ ಬಿಸಿಯಾದ ಸಬ್‌ಮರ್ಸಿಬಲ್ (ಬೋರ್ ಒಳಗೆ ಮುಳುಗಿಸಿಡುವ ಮೋಟರ್, ಅದಕ್ಕೆ ಸುತ್ತಲಿನ ನೀರೇ ತಂಪು, ನೀರು ಕೆಳಗೆ ಹೋದ ಮೇಲೂ ಓಡಿಸಿದರೆ ಕಥೆ ಮುಗಿಯಿತು). ತ್ರೀ ಫೇಸ್ ಮೋಟರನ್ನ ಒಂದೇ ಫೇಸಿನಲ್ಲಿ ಕಂಡೆನ್ಸರ್ ಹಾಕಿ ಓಡಿಸಿದ್ದು. ಮೋಟರ್ ಯಾರದು ಅಂತ ಹೇಳೋದಿಲ್ಲ. ಊರಲ್ಲಿ ಮರ್ಯಾದೆ ಪ್ರಶ್ನೆ.

ವಿಡಿಯೋ ಹಾಕುವ ಹೊತ್ತೂ ಬದಲಾಯಿಸಿದೆ. ಸಂಜೆ ಏಳಕ್ಕೆ ಹಾಕು ಅಂತ ತಂಗಿ ಹೇಳಿದ್ದಳು, ಆಗ ಎಲ್ಲರೂ ನೋಡ್ತಾರಂತೆ. ನಮ್ಮವರು ಆ ಹೊತ್ತಿಗೆ ದನ ಕಟ್ಟಿ ಊಟಕ್ಕೆ ಕೂತಿರುತ್ತಾರೆ. ತ್ರೀ ಫೇಸ್ ರಾತ್ರಿ ಪಾಳಿಯಲ್ಲಿ ಬಂದರೆ ಹೊಲದಲ್ಲಿ ಸ್ಟಾರ್ಟರ್ ಡಬ್ಬಿ ಪಕ್ಕ ಕೂತು ಕಾಯಬೇಕು. ಆಗ ಕೈಯಲ್ಲಿ ಮೊಬೈಲ್ ಬಿಟ್ಟು ಬೇರೇನೂ ಇರೋದಿಲ್ಲ. ಹಾಗಾಗಿ ನಾನು ಹಾಕೋದು ರಾತ್ರಿ ಹನ್ನೊಂದಕ್ಕೆ.

ವಾಟ್ಸಾಪ್ ಸ್ಟೇಟಸ್ ಇನ್‌ಸ್ಟಾಗ್ರಾಂಗಿಂತ ಜಾಸ್ತಿ ಕೆಲಸ ತರುತ್ತದೆ. ಇಪ್ಪತ್ನಾಲ್ಕು ಗಂಟೆಗೆ ಮಾಯವಾಗುತ್ತದೆ ನಿಜ. ಆದರೆ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಕಾಣುತ್ತದೆ, ಅವರೇ ತಾನೇ ಮೋಟರ್ ತರುವವರು? ಈ ವಿಷಯದಲ್ಲಿ ಅಪ್ಪ ನನಗಿಂತ ಮುಂದೆ. ಮೂವತ್ತು ವರ್ಷದಿಂದ ಕಟ್ಟಿದ ಪ್ರತಿ ಮೋಟರ್ ಮೈಮೇಲೆ ಬಿಳಿ ಪೇಂಟಿನಲ್ಲಿ ಅಂಗಡಿ ಫೋನ್ ನಂಬರ್ ಬರೆಯುತ್ತಾರೆ. ಅದು ಆರುನೂರು ಅಡಿ ಕೆಳಗೆ ಕತ್ತಲಲ್ಲಿ ವರ್ಷಗಟ್ಟಲೆ ಸುಮ್ನೆ ಇರುತ್ತದೆ. ಮೋಟರ್ ಕೆಟ್ಟು ಮೇಲೆ ಎತ್ತಿದ ದಿನ ಓದುತ್ತಾರೆ.

ತಂಗಿಗೆ ಈಗ ಯೂಟ್ಯೂಬ್ ಹುಚ್ಚು ಹಿಡಿದಿದೆ. ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ಸ್, ಒಂದು ವರ್ಷದಲ್ಲಿ ಜನ ನೋಡಿದ್ದು 4,000 ಗಂಟೆ ಆಗಬೇಕು. ನಾನು ನಮ್ಮ ಒಂದು ನಿಮಿಷದ ವಿಡಿಯೋಗೆ ಭಾಗಿಸಿ ನೋಡಿದೆ. ಪೂರ್ತಿ ನೋಡಿದರೂ ಎರಡು ಲಕ್ಷದ ನಲವತ್ತು ಸಾವಿರ ಸಲ. ಸಾಲದ್ದಕ್ಕೆ ಶಾರ್ಟ್ಸ್ ಆಗಿ ನೋಡಿದ್ದು ಈ ಲೆಕ್ಕಕ್ಕೇ ಬರೋದಿಲ್ಲವಂತೆ. ಪೇಪರ್ ಮಡಚಿ ಇಟ್ಟೆ.

ಇವತ್ತು ಮಧ್ಯಾಹ್ನ ತುರುವನೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಅಡಿಕೆ ತೋಟದ ಬೋರು, ಏಳೂವರೆ ಎಚ್‌ಪಿ. ಗುಂಯ್ ಅಂತಿದೆ, ನೀರು ಬರ್ತಿಲ್ಲ, ಮೋಟರ್ ಎತ್ತುವ ಗಾಡಿ ಕರೆಸಲಾ ಅಂತ ಕೇಳಿದರು. ನಾನು ಅಂದೆ, "ಅಣ್ಣಾ, ಮೊದಲು ಆಫ್ ಮಾಡಿ. ಮೂರು ಫೇಸೂ ಬರ್ತಿದೆಯಾ ಅಂತ ಗೊತ್ತಿರೋರ ಕೈಲಿ ನೋಡಿಸಿ." ಅರ್ಧ ಗಂಟೆಗೆ ಮತ್ತೆ ಫೋನ್. ಒಂದು ಫ್ಯೂಸ್ ಹೋಗಿತ್ತಂತೆ. ಕಟ್ಟಿಸಿದರಂತೆ, ನೀರು ಬಂತಂತೆ. "ನಿಮ್ಮ ವಿಡಿಯೋ ನೋಡಿದ್ದಕ್ಕೇ ಸುಮ್ನೆ ಆನ್ ಆಫ್ ಮಾಡ್ಲಿಲ್ಲ" ಅಂದರು.

ಅಪ್ಪ ಎಲ್ಲ ಕೇಳಿಸಿಕೊಂಡರು. "ಬಂದ ಕೆಲಸ ಬಾಯಲ್ಲೇ ಓಡಿಸ್ದೆ" ಅಂದರು. ಏಳೂವರೆ ಎಚ್‌ಪಿ ಕಟ್ಟಿದ್ದರೆ ಈ ವಾರದ ತಾಮ್ರದ ಬಿಲ್ಲು ತೀರುತ್ತಿತ್ತು. ಅವರ ಮಾತಿನಲ್ಲೂ ತಪ್ಪಿಲ್ಲ, ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಕಿತ್ತ ಕಾಯಿಲ್‌ನ ಸುತ್ತು ಎಣಿಸುತ್ತಾ ಕೂತೆ. ಮಧ್ಯದಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸಿದೆ.

ಹನ್ನೊಂದಕ್ಕೆ ಹಾಕಬೇಕಾದ ವಿಡಿಯೋ ಇನ್ನೂ ಕತ್ತರಿಸಿಲ್ಲ. ಬೇರಿಂಗ್ ಸದ್ದಿನದು. ಹಿಂದೆ ಅಪ್ಪ ಕೆಮ್ಮಿದ್ದು ಬಂದಿದೆ, ಇರಲಿ ಬಿಡಿ.